ಅರ್ಧ ಟೀ ಹೊತ್ತಿನ ಪರೀಕ್ಷೆ

ನಮ್ಮ ದೊಡ್ಡ ಡಾಕ್ಟರು ತೀರಿಕೊಂಡರೆಂದು ಹೋದ ವರ್ಷ ಒಂದು ಬೆಳಿಗ್ಗೆ ಫೋನು ಬಂದಾಗ ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಮೊದಲು ನನಗೆ ಅಳು ಬರಲಿಲ್ಲ, ಅನುಮಾನ ಬಂತು.

"ಸರಿಯಾಗಿ ನೋಡಿದ್ರಾ?" ಎಂದು ಕೇಳಿಬಿಟ್ಟೆ.

ಫೋನು ಮಾಡಿದ್ದವನು ಅವರ ತಮ್ಮನ ಮಗ. "ಏನು ನೋಡೋದು ಸಿಸ್ಟರ್?" ಎಂದು ತಬ್ಬಿಬ್ಬಾದ.

ಅವನಿಗೆ ಏನೆಂದು ಹೇಳಲಿ? ಆ ಮನುಷ್ಯ ನನ್ನ ಕಣ್ಣೆದುರಿಗೇ ನಾಲ್ಕು ಸಲ ಹಾವು ಕಡಿಸಿಕೊಂಡು ಬಂದವರು, ಎರಡು ಸಲ ಬಾವಿಗೆ ಬಿದ್ದವರು, ಒಂದು ಸಲವಂತೂ ಎತ್ತಿನ ಗಾಡಿಯಲ್ಲಿ ಒಣಹುಲ್ಲಿನ ಮೇಲೆ ಮಲಗಿ ನಾಲಿಗೆ ಹೊರಗೆ ಚಾಚಿಕೊಂಡು ಆಸ್ಪತ್ರೆಯ ಬಾಗಿಲಿಗೆ ಬಂದವರು. ಪ್ರತಿ ಸಲವೂ ಕೊನೆಯಲ್ಲಿ ಎದ್ದು ಕೂತು, ಎದುರಿಗೆ ನಡುಗುತ್ತಾ ನಿಂತಿರುವ ಎಳೆಯ ಡಾಕ್ಟರನ್ನು ನೋಡಿ "ಫೇಲ್" ಎಂದು ಹೇಳಿ, ಜೇಬಿನಿಂದ ಕರಿದ ಅವರೆಕಾಳು ತೆಗೆದು ಬಾಯಿಗೆ ಹಾಕಿಕೊಂಡವರು. ಅಂಥವರ ಸಾವಿನ ಸುದ್ದಿಯನ್ನು ಒಂದೇ ಸಲಕ್ಕೆ ನಂಬುವುದು ಹೇಗೆ?

ನಮ್ಮದು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ ಇದ್ದ ಒಂದು ಧರ್ಮಾಸ್ಪತ್ರೆ. ಮೂವತ್ತು ಹಾಸಿಗೆ, ಒಂದು ಜೀಪು, ಸದಾ ಕೈಕೊಡುವ ಒಂದು ಎಕ್ಸ್-ರೇ ಮೆಷಿನ್ನು. ಎಂಬತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿ ನರ್ಸಾಗಿ ಸೇರಿದೆ. ಬೆಂಗಳೂರಿನ ಕಾಲೇಜಿನಿಂದ ಹೌಸ್ ಸರ್ಜನ್ನರು ಮೂರು ಮೂರು ತಿಂಗಳಿಗೆ ಬರುತ್ತಿದ್ದರು. ಹೌಸ್ ಸರ್ಜನ್ನರೆಂದರೆ ಓದು ಮುಗಿಸಿದ, ಆದರೆ ಡಿಗ್ರಿ ಇನ್ನೂ ಕೈಗೆ ಬಾರದ ಡಾಕ್ಟರುಗಳು. ಹಳ್ಳಿ ಆಸ್ಪತ್ರೆಯಲ್ಲಿ ದುಡಿದು, ಅಲ್ಲಿನ ದೊಡ್ಡ ಡಾಕ್ಟರ ಸಹಿ ತೆಗೆದುಕೊಂಡು ಹೋದರೆ ಮಾತ್ರ ಡಿಗ್ರಿ. ಸಹಿ ಇಲ್ಲದಿದ್ದರೆ ಇನ್ನೂ ಮೂರು ತಿಂಗಳು ಅದೇ ಅನ್ನ, ಅದೇ ಸಾರು.

ತುರ್ತು ಚಿಕಿತ್ಸೆಗೆಂದೇ ಈಗ ಮೂರು ವರ್ಷದ ಕೋರ್ಸು ಬಂದಿದೆಯಂತೆ. ಅದಕ್ಕೆ ಬೇರೆ ಪ್ರೊಫೆಸರು, ಬೇರೆ ಪರೀಕ್ಷೆ, ಎದೆ ಒತ್ತಿದರೆ ಟಿಕ್ ಎನ್ನುವ ರಬ್ಬರಿನ ಬೊಂಬೆ. ನಮ್ಮಲ್ಲಿ ರೇಷ್ಮೆ ಗೂಡಿನ ತ್ಯಾಜ್ಯ ತುಂಬಿದ ಒಂದು ಗೋಣಿಚೀಲವಿತ್ತು. ಅದಕ್ಕೆ ಗೋಣಿಯಪ್ಪ ಎಂದು ಹೆಸರು. ಎದೆ ಒತ್ತುವುದನ್ನು ಕಲಿಯಬೇಕಾದವರು ಮೊದಲು ಗೋಣಿಯಪ್ಪನಿಗೆ ಕೈಮುಗಿದು, "ಯಜಮಾನ್ರೇ, ಏನಾಯ್ತು? ಮಾತಾಡಿ" ಎಂದು ಭುಜ ತಟ್ಟಬೇಕಿತ್ತು. ನಾಚಿಕೆಪಟ್ಟುಕೊಂಡು ತಟ್ಟದೇ ಒತ್ತಿದವರಿಗೆ ಡಾಕ್ಟರು, "ಏಮಪ್ಪಾ, ನಿದ್ದೆ ಮಾಡ್ತಿದ್ದೋನ ಪಕ್ಕೆ ಮುರುದ್ಯಲ್ಲ!" ಎನ್ನುತ್ತಿದ್ದರು. ಮಳೆಗಾಲದಲ್ಲಿ ಗೋಣಿಯಪ್ಪ ನಾರುತ್ತಿದ್ದ. ಬೇರೆ ತುಂಬಿಸೋಣ ಎಂದರೆ ಒಪ್ಪುತ್ತಿರಲಿಲ್ಲ. "ರೋಗಿಗಳೇನು ಸೆಂಟು ಹಾಕ್ಕೊಂಡು ಬರ್ತಾರಾ ಸಿಸ್ಟರ್?"

ಇನ್ನೊಂದು ಪದ್ಧತಿ ಟ್ರೇ. ಬೆಳಿಗ್ಗೆ ಎಂಟಕ್ಕೆ ಹೌಸ್ ಸರ್ಜನ್ನರ ಕಣ್ಣಿಗೆ ಟವೆಲ್ಲು ಕಟ್ಟಿ, ತುರ್ತು ಟ್ರೇ ಮುಂದೆ ನಿಲ್ಲಿಸಿ, "ಅಟ್ರೋಪಿನ್ ತಗಿ" ಎನ್ನುತ್ತಿದ್ದರು. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರಿನಲ್ಲಿ ಇದು ತಮಾಷೆಯಾಗಿರಲಿಲ್ಲ. ಅಟ್ರೋಪಿನ್ ನಮ್ಮಲ್ಲಿ ಮಿಕ್ಕೆಲ್ಲ ಔಷಧಿಗಿಂತ ಹೆಚ್ಚು ಇರುತ್ತಿತ್ತು. ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುತ್ತಾ ಅದನ್ನೇ ಮೈಗೆ ಹತ್ತಿಸಿಕೊಂಡು, ಜೊಲ್ಲು ಸುರಿಸುತ್ತಾ ಬರುವವರಿಗೆ ಅದೇ ಗತಿ. ಎಲ್ಲರೂ ಜಾಗ ಬಾಯಿಪಾಠ ಮಾಡಿಕೊಂಡರು ಎನ್ನುವಷ್ಟರಲ್ಲಿ ಡಾಕ್ಟರು ಟ್ರೇಯಲ್ಲಿ ಅಟ್ರೋಪಿನ್ ಇರುವ ಮೂಲೆಯಲ್ಲಿ ಒಂದು ಬದನೆಕಾಯಿ ಇಟ್ಟಿರುತ್ತಿದ್ದರು.

ಆದರೆ ಆ ಆಸ್ಪತ್ರೆಯ ನಿಜವಾದ ಕಾಲೇಜು ಎಂದರೆ ಹೊರಗಿನ ಬೆಂಚು.

ಎಂಟು ಜನ ಕೂರುವ, ಹತ್ತು ಜನ ಕೂತಿರುತ್ತಿದ್ದ ಉದ್ದನೆಯ ಮರದ ಬೆಂಚು. ಮಧ್ಯಾಹ್ನ ಮೂರಕ್ಕೆ ಎದುರಿನ ಅಂಗಡಿಯಿಂದ ಡಾಕ್ಟರಿಗೆ ಅರ್ಧ ಟೀ ಬರುತ್ತಿತ್ತು. ಅವರು ಅದನ್ನು ಕುಡಿದು ಮುಗಿಸುವಷ್ಟರಲ್ಲಿ ಹೌಸ್ ಸರ್ಜನ್ ಬಾಗಿಲಲ್ಲಿ ನಿಂತು, ಬೆಂಚಿನ ಮೇಲಿರುವವರಲ್ಲಿ ಯಾರನ್ನು ಮೊದಲು ಒಳಗೆ ಕರೆಯಬೇಕು ಎಂದು ಹೇಳಬೇಕು. ಮುಟ್ಟುವ ಹಾಗಿಲ್ಲ, ಮಾತಾಡಿಸುವ ಹಾಗಿಲ್ಲ. ಬರೀ ನೋಟ. ಸಾಲದ್ದಕ್ಕೆ ನಿಜವಾದ ರೋಗಿಗಳ ನಡುವೆ ಡಾಕ್ಟರು ಒಬ್ಬ ಸುಳ್ಳು ರೋಗಿಯನ್ನು ಕೂರಿಸಿರುತ್ತಿದ್ದರು. ಮೊದಮೊದಲು ಆ ಪಾತ್ರ ಅವರದೇ ಆಗಿತ್ತು. ಆಮೇಲೆ ಅವರ ಬೊಕ್ಕತಲೆ ಎಲ್ಲರಿಗೂ ಗುರುತಾಗಿ, ಪಾತ್ರ ಎದುರಿನ ಟೀ ಅಂಗಡಿಯ ಪ್ಯಾರೇಜಾನ್‌ಗೆ ಹೋಯಿತು.

ಪ್ಯಾರೇಜಾನ್‌ನಂಥ ಕೂಗುಗಾರನನ್ನು ನಾನು ಮತ್ತೆ ಕಂಡಿಲ್ಲ. ಹೊಟ್ಟೆ ಹಿಡಿದುಕೊಂಡು "ಯಾ ಅಲ್ಲಾ, ಸತ್ತೆ ಕಣಮ್ಮೋ" ಎಂದು ಶುರುಮಾಡಿದರೆ ರಸ್ತೆಯಲ್ಲಿ ಹೋಗುವ ಬಸ್ಸಿನವರು ಇಣುಕಿ ನೋಡುತ್ತಿದ್ದರು. ಹೌಸ್ ಸರ್ಜನ್ನರು ಅವನ ಕಡೆಗೇ ಓಡುವುದು, ಡಾಕ್ಟರು ಟೀ ಲೋಟ ಕೆಳಗಿಟ್ಟು ನಗುವುದು.

"ಕೂಗೋಕೆ ಉಸಿರು ಬೇಕು ಕಣಪ್ಪ. ಅಷ್ಟು ಉಸಿರಿರೋನು ಐದು ನಿಮಿಷ ಕಾಯ್ತಾನೆ. ಆ ಮೂಲೇಲಿ ಗೋಡೆಗೆ ಒರಗಿಕೊಂಡು ಸುಮ್ನೆ ಕೂತೋಳೆ ನೋಡು, ಅವಳು ಕಾಯಲ್ಲ."

ಅಷ್ಟರಲ್ಲಿ ನಾನು ಮೂಲೆಯವಳನ್ನು ಒಳಗೆ ಕರೆದುಕೊಂಡು ಹೋಗಿರುತ್ತಿದ್ದೆ. ಫೇಲಾದವರಿಗೆ ಶಿಕ್ಷೆ ಏನೆಂದರೆ, ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ, ಒಂದು ಗಂಟೆ ಅದೇ ಬೆಂಚಿನ ಮೇಲೆ ರೋಗಿಗಳ ಜೊತೆ ಕೂರಬೇಕು. ತಾನು ಡಾಕ್ಟರೆಂದು ಹೇಳಬಾರದು. ಪಕ್ಕದವರು ಏನು ಮಾತಾಡಿದರೂ ಕೇಳಿಸಿಕೊಳ್ಳಬೇಕು.

ಪದ್ಮಾವತಿ ಎಂಬ ಹುಡುಗಿ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ಗೌರಿಬಿದನೂರು ಕಡೆಯ ಜಮೀನುದಾರರ ಮನೆಯವಳು, ಮನೆಯಲ್ಲಿ ತೆಲುಗು, ಬಾಯಿಬಿಟ್ಟರೆ ಪಿಸುಮಾತು. ಪುಸ್ತಕದಲ್ಲಿ ಏನು ಕೇಳಿದರೂ ಹೇಳುತ್ತಿದ್ದಳು. ಯಾರಾದರೂ ಅತ್ತರೆ ಮಾತ್ರ ಅವಳಿಗೆ ತಡೆಯುತ್ತಿರಲಿಲ್ಲ. ಪ್ಯಾರೇಜಾನ್ "ಅಮ್ಮಾ" ಎಂದ ಕೂಡಲೇ ಹೊರಟುಬಿಡುತ್ತಿದ್ದಳು. ಅವನು ಸುಳ್ಳು ರೋಗಿ ಎಂದು ಗೊತ್ತಾದ ಮೇಲೂ ಮತ್ತೆ ಮತ್ತೆ ಹೋದಳು.

"ಅಲ್ಲಮ್ಮ ಗೌರಿಬಿದನೂರು, ಬೆಳಿಗ್ಗೆ ಅವನ ಅಂಗಡೀಲೇ ಬನ್ನು ತಿಂದಿದೀಯ. ಆದ್ರೂ ಹೋಗ್ತೀಯಲ್ಲ?" ಎಂದು ಡಾಕ್ಟರು ಕೇಳಿದರು.

"ಇವತ್ತು ನಿಜವಾಗ್ಲೂ ನೋವಿದ್ರೆ ಅಂತ ಸಾರ್..."

"ಫೇಲ್."

ಹೀಗೆ ಐದು ಸಲ. ಐದು ದಿನ, ಐದು ಗಂಟೆ ಅವಳು ಬೆಂಚಿನ ಮೇಲೆ ಪ್ಯಾರೇಜಾನ್ ಪಕ್ಕದಲ್ಲೇ ಕೂತಳು. ನಾಟಕ ಮುಗಿದ ಮೇಲೂ ಅವನು ಎದ್ದು ಹೋಗುತ್ತಿರಲಿಲ್ಲ. "ಒಬ್ಳೇ ಕೂತ್ರೆ ಬೇಜಾರಾಗ್ತದೆ ಬೇಟಿ" ಎಂದು ಅಂಗಡಿಯನ್ನು ತಮ್ಮನಿಗೆ ಬಿಟ್ಟು ಜೊತೆಗಿರುತ್ತಿದ್ದ. ತನ್ನ ಕಲೆಯ ಗುಟ್ಟುಗಳನ್ನೂ ಹೇಳಿಕೊಡುತ್ತಿದ್ದ. "ನೋಡು, ಹೊರಳಾಡೋಕೆ ಮುಂಚೆ ಟೋಪಿ ಜೇಬಿಗೆ. ಇಲ್ದಿದ್ರೆ ಮಡಿಕೆ ಕೆಡ್ತದೆ. ಚಪ್ಪಲಿ ಬಿಚ್ಚಿ ಬೆಂಚಿನ ಕೆಳಗೆ, ಜೋಡಿ ಸರಿಯಾಗಿ ಇಡ್ಬೇಕು. ಹೋದ ತಿಂಗಳು ಚಿಂತಾಮಣೀಲಿ ತಂದಿದ್ದು. ಕಾಲು ಬಡಿಯುವಾಗ ಹಾರಿಹೋಗಿ ಯಾರಾದ್ರೂ ಎತ್ಕೊಂಡು ಹೋದ್ರೆ ನಿಮ್ಮ ಡಾಕ್ಟ್ರು ಕೊಡಿಸ್ತಾರಾ?" ಅವಳು ಪುಸ್ತಕ ಓದುವಾಗಿನ ಹಾಗೇ ತಲೆಯಾಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು.

ಅವಳ ಮೂರು ತಿಂಗಳು ಮುಗಿಯುವ ದಿನ ಬಂತು. ಜೊತೆಯವರಿಬ್ಬರಿಗೂ ಸಹಿ ಆಗಿತ್ತು. ಅವಳ ಟ್ರಂಕು ಕಟ್ಟಿಟ್ಟಾಗಿತ್ತು, ಸಂಜೆ ಬಸ್ಸಿಗೆ ಕರೆದುಕೊಂಡು ಹೋಗಲು ಅವಳಪ್ಪ ಬರುವವರಿದ್ದರು. ಡಾಕ್ಟರು ಅವಳ ಕಾಗದವನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಪೆನ್ನಿಟ್ಟು, "ಮೂರು ಗಂಟೆಗೆ ಕೊನೇ ಪರೀಕ್ಷೆ. ಪಾಸಾದ್ರೆ ಸಹಿ, ಇಲ್ದಿದ್ರೆ ಟ್ರಂಕು ಬಿಚ್ಚು" ಎಂದರು. ಅವಳು ಮಧ್ಯಾಹ್ನ ಊಟ ಬಿಟ್ಟಳು. ನಾನು ತಂದಿದ್ದ ಚಿತ್ರಾನ್ನವನ್ನೂ ಮುಟ್ಟಲಿಲ್ಲ.

ಮೂರಕ್ಕೆ ಟೀ ಬಂತು. ಬೆಂಚಿನ ಮೇಲೆ ಏಳು ಜನ. ಬಾಗಿಲ ಹತ್ತಿರ ಮಂಡಿನೋವಿನ ಮೇಲೂರಿನ ಅಜ್ಜಿ, ಕಣ್ಣಿಗೆ ಪೊರೆ ಬಂದು ಎಲ್ಲ ಮಸುಕು. ಆ ಕೊನೆಯಲ್ಲಿ ರೇಷ್ಮೆ ಗೂಡಿನ ನೂಲು ಬಿಚ್ಚುವ ಕುದಿನೀರು ಬಿದ್ದು ಕೈ ಸುಟ್ಟುಕೊಂಡ ದಿಬ್ಬೂರಹಳ್ಳಿಯ ಹೆಂಗಸು, ಒದ್ದೆ ಬಟ್ಟೆ ಸುತ್ತಿಕೊಂಡು ತುಟಿ ಕಚ್ಚಿ ಸುಮ್ಮನೆ ಕೂತಿದ್ದಳು. ಅವಳೇ ಉತ್ತರ ಎಂದು ನನಗೂ ಗೊತ್ತಾಯಿತು. ಪ್ಯಾರೇಜಾನ್ ಕೊಂಚ ತಡವಾಗಿ ರಸ್ತೆ ದಾಟಿ ಬಂದು ನಡುವೆ ಕೂತ. ಒಂದು ಸಲ "ಯಾ ಅಲ್ಲಾ" ಎಂದ. ಅದೂ ಅರ್ಧಕ್ಕೇ ನಿಂತಿತು. ಆಮೇಲೆ ಸದ್ದಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಾ ಕೂತ.

ಡಾಕ್ಟರು ಲೋಟದ ಮೇಲಿಂದ ನನಗೆ ಕಣ್ಣು ಮಿಟುಕಿಸಿದರು. "ಕಳ್ಳ, ನೋಡಿದ್ರಾ? ಕೂಗಿದ್ರೆ ಇವತ್ತು ಇವಳು ಮೋಸಹೋಗಲ್ಲ ಅಂತ ಗೊತ್ತಾಗಿದೆ ಅವನಿಗೆ. ಇವತ್ತು ಪಾತ್ರಾನೇ ಬದಲಾಯಿಸಿದಾನೆ. ಬೆವರು ಬೇರೆ! ನೀರು ಚಿಮುಕಿಸ್ಕೊಂಡು ಬಂದಿದಾನೆ."

ನಾನೂ ನಕ್ಕೆ. ಹೇಳಿಕೊಳ್ಳಲು ಹೆಮ್ಮೆಯ ಮಾತಲ್ಲ, ಆದರೆ ನಕ್ಕೆ.

ಪದ್ಮಾವತಿ ಬಾಗಿಲಲ್ಲಿ ನಿಂತು ಬೆಂಚನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದಳು. ಮತ್ತೆ ಆ ಕೊನೆಯಿಂದ ಈ ಕೊನೆಗೆ. ಕಣ್ಣು ನೆಲದ ಕಡೆಗೆ ಹೋಯಿತು.

"ಪ್ಯಾರೇಜಾನ್" ಎಂದಳು.

"ಯೋಚ್ನೆ ಮಾಡಿ ಹೇಳು. ಇನ್ನೂ ಎರಡು ಗುಟುಕಿದೆ."

"ಪ್ಯಾರೇಜಾನ್ ಸಾರ್."

ಡಾಕ್ಟರು ಲೋಟ ಕೆಳಗಿಟ್ಟರು. ಅವರ ಮುಖದಲ್ಲಿ ನಗುವಿರಲಿಲ್ಲ, ಬೇಸರವಿತ್ತು. ಅವಳನ್ನು ಪಾಸು ಮಾಡಬೇಕೆಂಬ ಆಸೆ ಅವರಿಗೂ ಇತ್ತು. "ಅವನು ನಮ್ಮವನು ಕಣಮ್ಮ! ಆರನೇ ಸಲ! ಆ ಸುಟ್ಟ ಕೈ ಕಾಣ್ಲಿಲ್ವಾ ನಿನಗೆ? ಫೇಲ್. ಹೋಗಿ ಟ್ರಂಕು ಬಿಚ್ಚು."

ಅವಳು ಟ್ರಂಕಿನ ಕಡೆಗೆ ಹೋಗಲಿಲ್ಲ. ಮೂರು ತಿಂಗಳಲ್ಲಿ ಮೊದಲ ಸಲ ಅವಳ ಗಂಟಲಿನಿಂದ ದನಿ ಹೊರಬಂತು. "ಸಹಿ ಬೇಡ ಸಾರ್. ಸಿಸ್ಟರ್, ಟ್ರಾಲಿ ತನ್ನಿ! ಅವ್ರ ಚಪ್ಪಲಿ ನೋಡಿ!"

ನೋಡಿದೆ. ಚಿಂತಾಮಣಿಯ ಚಪ್ಪಲಿ ಒಂದು ಕಾಲಿನಲ್ಲೇ ಇತ್ತು. ಇನ್ನೊಂದು ರಸ್ತೆಯ ಅಂಚಿನಲ್ಲಿ ಬೋರಲಾಗಿ ಬಿದ್ದಿತ್ತು. ಟೋಪಿ ತಲೆಯ ಮೇಲೇ ಇತ್ತು, ಬೆವರಿಗೆ ತೊಯ್ದು ಹಣೆಗೆ ಅಂಟಿಕೊಂಡಿತ್ತು.

ಅವಳು ಓಡಿಹೋಗಿ ಅವನ ಮಣಿಕಟ್ಟು ಹಿಡಿದಳು. "ಪ್ಯಾರೇಜಾನ್ ಭಾಯ್, ಎಲ್ಲಿ ನೋವು?"

ಅವನು ಎದೆ ತೋರಿಸಲಿಲ್ಲ. ದವಡೆ ಮುಟ್ಟಿಕೊಂಡ. "ಬೆಳಿಗ್ಗೆಯಿಂದ ಗ್ಯಾಸು ಬೇಟಿ... ಮೂರು ಗಂಟೆಗೆ ಬರ್ತೀನಿ ಅಂದಿದ್ದೆ... ಅದಕ್ಕೆ ಬಂದೆ" ಎಂದ. ನಾಟಕ ತಪ್ಪಿಸಬಾರದೆಂದು ನಡೆದುಕೊಂಡು ಬಂದಿದ್ದ ಪುಣ್ಯಾತ್ಮ!

"ನಾಡಿ ನಲವತ್ತೂ ಇಲ್ಲ" ಎಂದಳು ಅವಳು.

ನಾನು ತಂದ ಟ್ರಾಲಿಯ ಮೇಲೆ ಮಲಗಿಸುವಷ್ಟರಲ್ಲಿ ಅವನು ಕಣ್ಣು ಮುಚ್ಚಿದ್ದ. ನಮ್ಮ ಡಾಕ್ಟರು ಟ್ರಾಲಿಯ ಇನ್ನೊಂದು ಪಕ್ಕಕ್ಕೆ ಬಂದು, ಯಾವತ್ತೂ ಯಾವ ಹೌಸ್ ಸರ್ಜನ್ನನಿಗೂ ಆಡದ ಮಾತು ಆಡಿದರು. "ಹೇಳಿ ಡಾಕ್ಟ್ರೇ, ನಾನೇನ್ ಮಾಡ್ಲಿ?"

"ಕಾಲು ಎತ್ತಿ ಹಿಡ್ಕೊಳಿ ಸಾರ್" ಎಂದಳು ಅವಳು, ತಿರುಗಿ ನೋಡದೆ.

ಅವರು ಹಿಡಿದುಕೊಂಡರು. ಅವಳು ಟ್ರೇಗೆ ಕೈ ಹಾಕಿದಳು. ಕಣ್ಣು ಪ್ಯಾರೇಜಾನ್ ಮುಖದ ಮೇಲೇ ಇತ್ತು. ಕೈ ತಾನಾಗಿ ಹೋಗಿ ಅಟ್ರೋಪಿನ್ ಹಿಡಿದು ಬಂತು; ಕುಸಿದ ನಾಡಿಯನ್ನು ಏರಿಸುವುದೂ ಅದೇ. ಅವತ್ತು ಆ ಮೂಲೆಯಲ್ಲಿ ಬದನೆಕಾಯಿ ಇರದಿದ್ದುದು ನಮ್ಮ ಪುಣ್ಯ. ಚುಚ್ಚಿದಳು, ನಾಡಿ ಹಿಡಿದು "ಒಕಟಿ, ರೆಂಡು, ಮೂಡು" ಎಂದು ಬಾಯಲ್ಲೇ ಎಣಿಸಿದಳು. ಎರಡನೇ ಸಲ ಚುಚ್ಚಿದ ಮೇಲೆ ಎಣಿಕೆಯ ವೇಗ ಏರಿತು. ಪ್ಯಾರೇಜಾನ್ ಕಣ್ಣು ಬಿಟ್ಟು ಮೊದಲು ಕಂಡದ್ದು ತನ್ನ ಕಾಲುಗಳನ್ನು ಎದೆಗವುಚಿಕೊಂಡು ನಿಂತಿದ್ದ ದೊಡ್ಡ ಡಾಕ್ಟರನ್ನು.

"ಸಾಬ್, ನೀವ್ಯಾಕೆ ನನ್ನ ಕಾಲು ಹಿಡೀತೀರಿ?" ಎಂದ. "ಅವಳು ಪಾಸಾ?"

ಇಸಿಜಿ ತೆಗೆದರೆ ಹೃದಯಾಘಾತವೇ. ಆಸ್ಪಿರಿನ್ ಅಗಿಸಿ, ಆಕ್ಸಿಜನ್ ಹಾಕಿ, ಜೀಪಿನಲ್ಲಿ ಮಲಗಿಸಿ ಬೆಂಗಳೂರಿಗೆ ಕಳಿಸಿದೆವು. ಜೊತೆಗೆ ಹೋದದ್ದು ಪದ್ಮಾವತಿಯೇ. ಸಂಜೆಯ ಬಸ್ಸು, ಅಪ್ಪ, ಟ್ರಂಕು ಯಾವುದೂ ಅವಳ ನೆನಪಿನಲ್ಲಿರಲಿಲ್ಲ. ಸುಟ್ಟ ಕೈಗೆ ಇನ್ನೊಬ್ಬ ಸಿಸ್ಟರು ಆಗಲೇ ಮುಲಾಮು ಹಚ್ಚಿದ್ದರು.

ಜೀಪು ಚಿಕ್ಕಬಳ್ಳಾಪುರದ ರಸ್ತೆಗೆ ತಿರುಗಿ ಮರೆಯಾಯಿತು. ಡಾಕ್ಟರು ಒಳಗೆ ಬಂದು, ಕೋಟು ಬಿಚ್ಚಿ, ಮೊಳೆಗೆ ನೇತುಹಾಕಿ, ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ನಾನು ಹಿಂದೆಯೇ ಹೋದೆ. "ಏನು ಸಾರ್ ಇದು?"

"ಒಂದು ಗಂಟೆ ಸಿಸ್ಟರ್. ಟೈಮ್ ನೋಡ್ಕೊಳಿ."

ಪಕ್ಕದಲ್ಲಿ ಮೇಲೂರಿನ ಅಜ್ಜಿ ಇನ್ನೂ ಕೂತಿದ್ದಳು. ಪೊರೆಗಣ್ಣಿಗೆ ಬಿಳಿ ಕೋಟಿಲ್ಲದ ಡಾಕ್ಟರು ಯಾರೋ ಊರವರಾಗಿ ಕಂಡಿರಬೇಕು.

"ನಿಂಗೇನಪ್ಪ ಕಾಯ್ಲೆ?" ಎಂದಳು.

"ಕಣ್ಣು ಕಾಣಲ್ಲಮ್ಮ."

"ನಂಗೂ ಹಂಗೇ. ಆದ್ರೂ ಇವತ್ತು ನಾಟ್ಕ ಚೆನ್ನಾಗಿತ್ತು ಕಣಪ್ಪ. ಟೀ ಅಂಗ್ಡಿ ಸಾಬ್ರು ಬೋ ಚೆನ್ನಾಗಿ ಮಾಡಿದ್ರು. ಜೀಪು ಬೇರೆ ತರ್ಸಿದ್ರು! ಇದ್ನೆಲ್ಲ ಆಡ್ಸೋನು ಆ ದೊಡ್ಡ ಡಾಕ್ಟ್ರು. ನಮ್ ಮಂಡಿ ನೋಡೋಕೆ ಪುರುಸೊತ್ತಿಲ್ಲ, ನಾಟ್ಕಕ್ಕೆ ಪುರುಸೊತ್ತು."

"ಹೌದಮ್ಮ. ಬಲು ಕೆಟ್ಟೋನು."

"ಎಲ್ಲೋದ್ನೋ ಈಗ?"

"ಫೇಲಾಗಿದಾನಂತೆ."

ನಾನು ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಗಬೇಕಾಯಿತು. ಗಂಟೆ ಮುಗಿಯುವ ಹೊತ್ತಿಗೆ ನೋಡಿದರೆ ಅವರು ಅಜ್ಜಿಯ ಮಂಡಿಯನ್ನು ಬೆಂಚಿನ ಮೇಲೇ ನೀವುತ್ತಾ, ಅವರೆಕಾಳು ಹಂಚಿಕೊಂಡು ತಿನ್ನುತ್ತಿದ್ದರು. ಕೆನ್ನೆ ಒದ್ದೆಯಾಗಿತ್ತು. ನಾನು ಕಂಡದ್ದನ್ನು ಅವರು ಕಂಡರು. "ಖಾರ ಜಾಸ್ತಿ ಸಿಸ್ಟರ್" ಎಂದರು.

ಮಾರನೇ ದಿನ ಪದ್ಮಾವತಿ ಬಸ್ಸಿನಲ್ಲಿ ವಾಪಸು ಬಂದಾಗ ಕಾಗದದ ಮೇಲೆ ಸಹಿ ಬಿದ್ದಿತ್ತು. 'ಕೆಲಸ ತೃಪ್ತಿಕರ' ಎಂದು ಅಚ್ಚಾಗಿದ್ದ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಇವರು ನನ್ನನ್ನು ಬೆಂಚಿನ ಮೇಲೆ ಕೂರಿಸಿದರು' ಎಂದು ಬರೆದಿದ್ದರು. ಕಾಲೇಜಿನ ಗುಮಾಸ್ತರು ಅದರ ಅರ್ಥವೇನೆಂದು ಕೇಳಿ ಕಾಗದವನ್ನು ಎರಡು ಸಲ ತಿರುಗಿ ಕಳಿಸಿದರು.

ಬೆಂಚಿನ ಪರೀಕ್ಷೆ ನಿಲ್ಲುತ್ತದೆಂದು ನಾನು ಅಂದುಕೊಂಡಿದ್ದೆ. ಎರಡು ತಿಂಗಳ ಮೇಲೆ ಪ್ಯಾರೇಜಾನ್ ತೆಳ್ಳಗಾಗಿ ಬಂದು, "ನನ್ನ ಪಾರ್ಟು ಬೇರೆ ಯಾರಿಗೂ ಕೊಟ್ಟಿಲ್ಲ ತಾನೇ?" ಎಂದು ಜಗಳಕ್ಕೇ ನಿಂತ. ಡಾಕ್ಟರು ಒಪ್ಪಿದರು. ಆದರೆ ಅವತ್ತಿನಿಂದ ಅವರು ಟೀ ಲೋಟ ಮುಟ್ಟುವ ಮೊದಲು ತಾವೇ ರಸ್ತೆ ದಾಟಿ ಹೋಗಿ, ಅವನ ನಾಡಿ ಹಿಡಿದು ನೋಡಿ, "ಈಗ ಕೂಗು" ಎಂದು ಹೇಳಿ ಬರುತ್ತಿದ್ದರು. ನಿವೃತ್ತರಾಗುವ ದಿನದವರೆಗೂ ಅದನ್ನು ತಪ್ಪಿಸಲಿಲ್ಲ.

ಹೋದ ವರ್ಷ ಫೋನು ಬಂದ ಆ ಬೆಳಿಗ್ಗೆ ಅವರೆಕಾಯಿಯನ್ನು ಹಾಗೇ ಬಿಟ್ಟು ನಾನು ಚಿಕ್ಕಬಳ್ಳಾಪುರದ ಅವರ ಮನೆಗೆ ಹೋದೆ. ನಡುಮನೆಯಲ್ಲಿ ಮಲಗಿಸಿದ್ದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಮಣಿಕಟ್ಟು ಮುಟ್ಟಿ ನೋಡಿದೆ. ಅರ್ಧ ಟೀ ಕುಡಿಯುವಷ್ಟು ಹೊತ್ತು ಹಿಡಿದುಕೊಂಡೇ ಇದ್ದೆ. ಅವರು ಏಳಲಿಲ್ಲ.

ಪದ್ಮಾವತಿ ಬಂದಳು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಆ ಮೂರು ವರ್ಷದ ತುರ್ತು ಚಿಕಿತ್ಸೆಯ ಕೋರ್ಸನ್ನು ನಡೆಸುವವಳು ಈಗ ಅವಳೇ. ತಲೆ ನರೆತಿದೆ, ದನಿ ಮಾತ್ರ ಅದೇ ಪಿಸುಮಾತು. ಇಬ್ಬರೂ ಜಗಲಿಗೆ ಬಂದು ನಿಂತಿದ್ದಾಗ ಗೇಟಿನ ಕಡೆಯಿಂದ ಗದ್ದಲ ಕೇಳಿಸಿತು. ಮೊಮ್ಮಗನ ತೋಳು ಹಿಡಿದುಕೊಂಡು ಪ್ಯಾರೇಜಾನ್ ಬರುತ್ತಿದ್ದ. ಗೇಟು ದಾಟಿದ್ದೇ ತೋಳು ಬಿಡಿಸಿಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತು, "ಯಾ ಅಲ್ಲಾ" ಎಂದು ಶುರುಮಾಡಿದ. ಎಪ್ಪತ್ತು ದಾಟಿದ ಮುದುಕನ ಗಂಟಲು ಅನ್ನಿಸಲಿಲ್ಲ. ಹಳೆಯ ಮೂರು ಗಂಟೆಯ ದನಿಯೇ. ರಸ್ತೆಯವರು ನಿಂತು ನೋಡಿದರು.

ಮನೆಯವರಲ್ಲಿ ಯಾರೋ, "ಸಾಬ್ರದ್ದು ಸ್ವಲ್ಪ ಜಾಸ್ತೀನೇ ಆಯ್ತು" ಎಂದರು.

ನಾನು ಪದ್ಮಾವತಿಯನ್ನು ನೋಡಿದೆ. ಅವಳು ಅವನ ಮುಖ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದಳು. ಒಂದು ಚಪ್ಪಲಿ ಗೇಟಿನ ಹತ್ತಿರ ಬೋರಲಾಗಿ ಬಿದ್ದಿತ್ತು. ಇನ್ನೊಂದು ಕಾಲಿನಲ್ಲೇ ಇತ್ತು.

ಅವಳು ಇಳಿದು ಹೋಗಿ ಗೇಟಿನ ಹತ್ತಿರದ್ದನ್ನು ಎತ್ತಿಕೊಂಡಳು. ಕಾಲಿನಲ್ಲಿದ್ದದ್ದನ್ನು ಮೆಲ್ಲಗೆ ಬಿಚ್ಚಿದಳು. ಎರಡನ್ನೂ ಮೆಟ್ಟಿಲ ಕೆಳಗೆ ಜೋಡಿಸಿ ಇಟ್ಟಳು. ಆಮೇಲೆ ಅವನ ನಾಡಿ ಹಿಡಿದುಕೊಂಡು ಪಕ್ಕದಲ್ಲಿ ಕೂತಳು.